ಮನೆಯ ಹಾವು, ಗುಡಿಯ ಮೊಸಳೆ

ಮಾನವನು ಪ್ರಾಣಿಗಳನ್ನು ಸಾಕಿದುದರ ಚರಿತ್ರೆಯು ಅವನ ನಾಗರಿಕತೆಯ ಚರಿತ್ರೆಯಷ್ಟೇ ಪುರಾತನವಾದುದು. ಹಸು ಹಾಲು ಕೊಟ್ಟಿತು, ಎತ್ತು ನೇಗಿಲೆಳೆಯಿತು, ನಾಯಿ ಬಾಗಿಲು ಕಾಯಿತು, ಬೆಕ್ಕು ಕಣಜವನ್ನು ಇಲಿಗಳಿಂದ ಉಳಿಸಿತು. ಇವುಗಳಿಗೆ ಮನುಷ್ಯನು ಮೇವಿಟ್ಟುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಹಾವು, ಮೊಸಳೆ, ಆಮೆಗಳಂತಹ ಸರೀಸೃಪಗಳ ಮಾತು ಬೇರೆ. ಅವು ಕರೆದರೆ ಓಗೊಡುವುದಿಲ್ಲ, ಬಾಲ ಅಲ್ಲಾಡಿಸುವುದಿಲ್ಲ, ಒಡೆಯನು ಊರಿಗೆ ಹೋದರೆ ಮಂಕಾಗಿ ಕೂರುವುದಿಲ್ಲ. ಆದರೂ ಲೋಕದ ನಾನಾ ಜನಾಂಗಗಳು ಇವನ್ನು ಮನೆಯಲ್ಲಿಯೂ ಗುಡಿಯಲ್ಲಿಯೂ ಇರಿಸಿಕೊಂಡು ಉಣಿಸಿವೆ, ಸಿಂಗರಿಸಿವೆ, ಸತ್ತಾಗ ಸಂಸ್ಕಾರ ಮಾಡಿವೆ. ಪ್ರತಿಯಾಗಿ ಪ್ರೀತಿಯನ್ನು ತೋರದ ಜೀವಿಯನ್ನು ಮನುಷ್ಯನು ಏತಕ್ಕಾಗಿ ಸಾಕುತ್ತಾನೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಮಗೆ ತಿಳಿದುಬರುವುದು ಹಾವಿನ ಸ್ವಭಾವಕ್ಕಿಂತ ಹೆಚ್ಚಾಗಿ ಮನುಷ್ಯನ ಸ್ವಭಾವ.

ಈಜಿಪ್ಟಿನ ಮೊಸಳೆ

ಈ ಕಥೆ ನೈಲ್ ನದಿಯ ದಡದಿಂದ ಆರಂಭವಾಗುವುದು ಯುಕ್ತ. ಪ್ರಾಚೀನ ಈಜಿಪ್ಟಿನವರು ಸೊಬೆಕ್ ಎಂಬ ದೇವತೆಯನ್ನು ಮೊಸಳೆಯ ರೂಪದಲ್ಲಿ ಆರಾಧಿಸುತ್ತಿದ್ದರು. ಫಯೂಮ್ ಪ್ರಾಂತದ ಶೆಡೆಟ್ ಎಂಬ ನಗರವು ಈ ಆರಾಧನೆಯ ಕೇಂದ್ರವಾಗಿತ್ತು. ಗ್ರೀಕರು ಅದನ್ನು ಮೊಸಳೆಗಳ ನಗರವೆಂದೇ ಕರೆದರು. ಕ್ರಿ.ಪೂ. 5ನೆಯ ಶತಮಾನದಲ್ಲಿ ಆ ನಾಡನ್ನು ಸುತ್ತಿದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ತಾನು ಕಂಡು ಕೇಳಿದುದನ್ನು ಬರೆದಿಟ್ಟಿದ್ದಾನೆ. ಥೀಬ್ಸ್ ನಗರದ ಸುತ್ತಲೂ ಮೋಯಿರಿಸ್ ಸರೋವರದ ಸುತ್ತಲೂ ವಾಸಿಸುವವರು ಒಂದು ಮೊಸಳೆಯನ್ನು ಆರಿಸಿ ಪಳಗಿಸುತ್ತಿದ್ದರು. ಅದರ ಕಿವಿಗೆ ಬಂಗಾರದ ಓಲೆ, ಮುಂಗಾಲುಗಳಿಗೆ ಬಳೆ ತೊಡಿಸುತ್ತಿದ್ದರು. ಬದುಕಿರುವವರೆಗೆ ವಿಶೇಷ ಆಹಾರವನ್ನಿತ್ತು, ಸತ್ತ ಮೇಲೆ ಶವವನ್ನು ಕೆಡದಂತೆ ಸಂಸ್ಕರಿಸಿ ಪವಿತ್ರ ಸಮಾಧಿಯಲ್ಲಿ ಇಡುತ್ತಿದ್ದರು. ಅದೇ ಹೆರೊಡೋಟಸನು ಮುಂದುವರಿದು, ಅದೇ ನದಿಯ ದಕ್ಷಿಣದಲ್ಲಿರುವ ಎಲಿಫ್ಯಾಂಟೈನ್ ಪ್ರದೇಶದವರು ಮೊಸಳೆಯನ್ನು ಪವಿತ್ರವೆಂದು ಎಣಿಸದೆ ತಿನ್ನುತ್ತಾರೆಂದೂ ಹೇಳುತ್ತಾನೆ. ಒಂದೇ ನದಿ, ಒಂದೇ ಪ್ರಾಣಿ. ಒಂದೂರಿನಲ್ಲಿ ಅದು ದೇವರು, ಇನ್ನೊಂದೂರಿನಲ್ಲಿ ಅಡಿಗೆ.

ನಾಲ್ಕು ಶತಮಾನಗಳ ತರುವಾಯ, ಕ್ರಿ.ಪೂ. 25ರ ಸುಮಾರಿಗೆ, ಭೂಗೋಳಶಾಸ್ತ್ರಜ್ಞ ಸ್ಟ್ರಾಬೋ ಅದೇ ನಗರಕ್ಕೆ ಬಂದನು. ಆ ವೇಳೆಗೆ ಊರಿನ ಹೆಸರು ಅರ್ಸಿನೋ ಎಂದಾಗಿತ್ತು. ಅವನ ಆತಿಥೇಯನು ಊಟದಿಂದ ಉಳಿಸಿದ ರೊಟ್ಟಿ, ಹುರಿದ ಮಾಂಸ, ಜೇನು ಬೆರೆಸಿದ ಪಾನೀಯಗಳನ್ನು ಹಿಡಿದು ಅವನನ್ನು ಸರೋವರಕ್ಕೆ ಕರೆದೊಯ್ದನು. ದಡದ ಮೇಲೆ ಮಲಗಿದ್ದ ಮೊಸಳೆಯ ಬಾಯನ್ನು ಪೂಜಾರಿಗಳು ಕೈಯಿಂದ ಅಗಲಿಸಿದರು. ಒಬ್ಬನು ರೊಟ್ಟಿಯನ್ನಿಟ್ಟನು, ಆಮೇಲೆ ಮಾಂಸವನ್ನಿಟ್ಟನು, ಕೊನೆಗೆ ಪಾನೀಯವನ್ನು ಸುರಿದನು. ಮೊಸಳೆ ನೀರಿಗೆ ಹಾರಿ ಆಚೆಯ ದಡಕ್ಕೆ ಈಜಿತು. ಅಷ್ಟರಲ್ಲಿ ಇನ್ನೊಬ್ಬ ಯಾತ್ರಿಕನು ನೈವೇದ್ಯವನ್ನು ತಂದುದರಿಂದ ಪೂಜಾರಿಗಳು ಕೆರೆಯನ್ನು ಸುತ್ತಿ ಓಡಿ, ಮತ್ತೆ ಅದನ್ನು ಹಿಡಿದು, ಮತ್ತೆ ಅದರ ಬಾಯಿಗೆ ತುರುಕಿದರು. ಸ್ಟ್ರಾಬೋ ಇದನ್ನು ವ್ಯಂಗ್ಯವಿಲ್ಲದೆಯೇ ಬರೆದಿದ್ದಾನೆ. ಆದರೆ ಓದುವವರಿಗೆ ಒಂದು ಸಂದೇಹವು ಹುಟ್ಟದಿರದು: ಹೊಟ್ಟೆ ತುಂಬಿದ ಆ ಪ್ರಾಣಿಯು ಆಚೆಯ ದಡಕ್ಕೆ ಈಜಿದುದು ಭಕ್ತರಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಇರಬಹುದಲ್ಲವೇ?

ಈ ಆರಾಧನೆಗೆ ಒಂದು ವಿಚಿತ್ರವಾದ ಉಪಸಂಹಾರವಿದೆ. 1899-1900ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರು ಫಯೂಮಿನ ಟೆಬ್ಟುನಿಸ್ ಎಂಬಲ್ಲಿ ಉತ್ಖನನ ನಡೆಸುತ್ತಿದ್ದರು. ಮಾನವ ಶವಪೆಟ್ಟಿಗೆಗಳನ್ನು ನಿರೀಕ್ಷಿಸಿದ್ದ ಕೂಲಿಯೊಬ್ಬನಿಗೆ ಸಾಲುಸಾಲಾಗಿ ಮೊಸಳೆಯ ಶವಗಳೇ ದೊರೆತವು. ಬೇಸತ್ತ ಅವನು ಒಂದನ್ನು ಒಡೆದುಬಿಟ್ಟನು. ಒಳಗೆ ನೋಡಿದರೆ, ಶವಕ್ಕೆ ಸುತ್ತಿದ್ದುದು ಹಳೆಯ ಪಪೈರಸ್ ಬರಹಗಳನ್ನು! ಜಮೀನಿನ ಲೆಕ್ಕ, ಅರ್ಜಿ, ಆಜ್ಞೆ ಮೊದಲಾದ ಆ ಕಾಲದ ಜನಜೀವನದ ದಾಖಲೆಗಳು ಹೀಗೆ ಮೊಸಳೆಯ ಮೈಯಲ್ಲಿ ಎರಡು ಸಾವಿರ ವರ್ಷ ಉಳಿದುಬಂದವು. ದೇವರು ಮಣ್ಣಾದನು; ಅವನ ಹೊದಿಕೆ ಚರಿತ್ರೆಯಾಯಿತು.

ವೈದ್ಯನ ಹಾವು, ಚಕ್ರವರ್ತಿಯ ಹಾವು

ಗ್ರೀಕರಲ್ಲಿ ಹಾವು ಆರೋಗ್ಯದ ಸಂಕೇತವಾಗಿತ್ತು. ಪೊರೆಯನ್ನು ಕಳಚಿ ಹೊಸ ಮೈಯೊಡನೆ ಹೊರಬರುವ ಪ್ರಾಣಿಯಲ್ಲಿ ಅವರು ರೋಗವನ್ನು ಕಳಚಿಕೊಳ್ಳುವ ಶಕ್ತಿಯನ್ನು ಕಂಡರು. ವೈದ್ಯದೇವತೆಯಾದ ಅಸ್ಕ್ಲೀಪಿಯಸನ ಕೈಯ ಕೋಲಿಗೆ ಸುತ್ತಿಕೊಂಡ ಹಾವು ಇಂದಿಗೂ ಲೋಕದಾದ್ಯಂತ ವೈದ್ಯವೃತ್ತಿಯ ಲಾಂಛನವಾಗಿದೆ. ಎಪಿಡೌರಸ್ ಎಂಬಲ್ಲಿ ಅವನ ಪ್ರಧಾನ ದೇವಾಲಯವಿದ್ದು, ಅಲ್ಲಿಯ ಹಳದಿ ಛಾಯೆಯ ಹಾವುಗಳು ಮನುಷ್ಯರಿಗೆ ಹೊಂದಿಕೊಂಡಿದ್ದುವೆಂದು ಕ್ರಿ.ಶ. 2ನೆಯ ಶತಮಾನದ ಪೌಸಾನಿಯಸ್ ಹೇಳುತ್ತಾನೆ. ಕ್ರಿ.ಪೂ. 293ರಲ್ಲಿ ರೋಮ್ ನಗರವನ್ನು ಸಾಂಕ್ರಾಮಿಕ ರೋಗವು ಪೀಡಿಸಿದಾಗ, ಅಲ್ಲಿಯ ಪ್ರಮುಖರು ಎಪಿಡೌರಸಿಗೆ ನಿಯೋಗವನ್ನು ಕಳುಹಿಸಿ ಒಂದು ಪವಿತ್ರ ಸರ್ಪವನ್ನು ಹಡಗಿನಲ್ಲಿ ತರಿಸಿದರು. ಆ ಸರ್ಪವು ಹಡಗಿನಿಂದಿಳಿದು ಟೈಬರ್ ನದಿಯ ನಡುಗಡ್ಡೆಗೆ ಈಜಿತೆಂದೂ, ಆದುದರಿಂದ ಅಲ್ಲಿಯೇ ದೇವಾಲಯ ಕಟ್ಟಿದರೆಂದೂ ಐತಿಹ್ಯ. ಆ ನಡುಗಡ್ಡೆಯಲ್ಲಿ 16ನೆಯ ಶತಮಾನದಿಂದಲೂ ಆಸ್ಪತ್ರೆಯೊಂದು ನಡೆದುಬಂದಿರುವುದು ಗಮನಾರ್ಹ. ದೇವತೆ ಬದಲಾದರೂ ಸ್ಥಳದ ಸೇವೆ ಬದಲಾಗಲಿಲ್ಲ.

ಗುಡಿಗೆ ಬಂದ ಹಾವು ಕಾಲಕ್ರಮದಲ್ಲಿ ಮನೆಗೂ ಬಂದಿತು. ತನ್ನ ಕಾಲದ ರೋಮಿನ ಮನೆಗಳಲ್ಲಿ ಈ ಜಾತಿಯ ಹಾವುಗಳನ್ನು ಸಾಮಾನ್ಯವಾಗಿ ಸಾಕುತ್ತಿದ್ದರೆಂದು ಕ್ರಿ.ಶ. 1ನೆಯ ಶತಮಾನದ ಪ್ಲಿನಿ ತಿಳಿಸುತ್ತಾನೆ. ಆಗಾಗ ಬೆಂಕಿ ಬಿದ್ದು ಅವುಗಳ ಮೊಟ್ಟೆಗಳು ನಾಶವಾಗದಿದ್ದರೆ ಅವುಗಳ ಸಂಖ್ಯೆಯನ್ನು ತಡೆಯುವುದೇ ಅಸಾಧ್ಯವಾಗುತ್ತಿತ್ತಂತೆ. ಚಕ್ರವರ್ತಿ ಟೈಬೀರಿಯಸನಿಗೆ ಒಂದು ಮೆಚ್ಚಿನ ಹಾವಿತ್ತು. ಅದಕ್ಕೆ ಅವನು ತನ್ನ ಕೈಯಿಂದಲೇ ಉಣಿಸುತ್ತಿದ್ದನು. ಬಹುಕಾಲ ರಾಜಧಾನಿಯಿಂದ ದೂರವಿದ್ದ ಅವನು ಒಮ್ಮೆ ರೋಮಿನ ಸಮೀಪಕ್ಕೆ ಬಂದಾಗ, ಎಂದಿನಂತೆ ಉಣಿಸಲು ಹೋಗಿ ನೋಡಿದರೆ ಇರುವೆಗಳು ಹಾವನ್ನು ತಿಂದುಹಾಕಿದ್ದವು. ಬಹುಜನರ ಬಲಕ್ಕೆ ಹೆದರಬೇಕೆಂಬ ಎಚ್ಚರಿಕೆಯನ್ನು ಅವನು ಇದರಲ್ಲಿ ಕಂಡು, ನಗರವನ್ನು ಪ್ರವೇಶಿಸದೆ ಹಿಂದಿರುಗಿದನೆಂದು ಸ್ಯೂಟೋನಿಯಸ್ ಬರೆದಿದ್ದಾನೆ. ಸಾಕಿದ ಪ್ರಾಣಿಯು ಸತ್ತಾಗ ಅವನಿಗೆ ಮರುಕ ಬಂದುದಾಗಿ ಅವನ ಚರಿತ್ರೆಕಾರನು ಹೇಳುವುದಿಲ್ಲ. ಬಂದುದು ತನ್ನ ಅಧಿಕಾರದ ಚಿಂತೆ.

ಇನ್ನೊಂದು ನಿದರ್ಶನವು ಹೆಚ್ಚು ಬೋಧಪ್ರದವಾದುದು. ಕ್ರಿ.ಶ. 2ನೆಯ ಶತಮಾನದಲ್ಲಿ ಕಪ್ಪುಸಮುದ್ರದ ದಡದ ಅಬೊನೊಟೈಕಸ್ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಎಂಬವನೊಬ್ಬನಿದ್ದನು. ಮೆಸಿಡೋನಿಯದ ಪೆಲ್ಲಾ ಎಂಬಲ್ಲಿ ಸಾಧುವಾದ ದೊಡ್ಡ ಹಾವುಗಳನ್ನು ಹೆಂಗಸರು ಮನೆಗಳಲ್ಲಿ ಸಾಕುತ್ತಿದ್ದರು. ಅವು ಮಕ್ಕಳ ಜೊತೆಯಲ್ಲಿಯೇ ಮಲಗುತ್ತಿದ್ದವು. ಅಂತಹ ಒಂದು ಹಾವನ್ನು ಅವನು ಅಲ್ಪ ಬೆಲೆಗೆ ಕೊಂಡುತಂದು, ಬಟ್ಟೆಯಿಂದ ಮಾಡಿದ ಮನುಷ್ಯಮುಖವೊಂದನ್ನು ಅದಕ್ಕೆ ಜೋಡಿಸಿ, ಇವನೇ ಗ್ಲೈಕಾನ್ ಎಂಬ ಹೊಸ ದೇವರೆಂದು ಸಾರಿದನು. ಮಂದಬೆಳಕಿನ ಕೋಣೆಯಲ್ಲಿ ದೇವರ ದರ್ಶನ, ಪ್ರಶ್ನೆಗೊಂದು ಶುಲ್ಕ, ದೇವರ ಬಾಯಿಂದಲೇ ಉತ್ತರ. ಲೂಸಿಯನ್ ಎಂಬ ಲೇಖಕನು ಈ ಮೋಸವನ್ನು ಬಯಲಿಗೆಳೆದು ಒಂದು ಗ್ರಂಥವನ್ನೇ ಬರೆದನು. ಅಷ್ಟಾದರೂ ಗ್ಲೈಕಾನನ ಪೂಜೆ ನಿಲ್ಲಲಿಲ್ಲ. ಅವನ ಚಿತ್ರವಿರುವ ನಾಣ್ಯಗಳು ದೊರೆತಿವೆ. 1962ರಲ್ಲಿ ರುಮೇನಿಯದ ಕಾನ್‌ಸ್ಟಾಂಟಾ ನಗರದಲ್ಲಿ ಅವನ ಅಮೃತಶಿಲೆಯ ವಿಗ್ರಹವೂ ದೊರೆಯಿತು. ಪಾಪದ ಸಾಕುಹಾವಿಗೆ ತಾನು ದೇವರಾದುದು ಕೊನೆಯವರೆಗೂ ತಿಳಿದಿರಲಾರದು.

ಹಾಲಿನ ಬಟ್ಟಲು

ಹಾವಿಗೆ ಹಾಲೆರೆಯುವುದು ನಮ್ಮ ದೇಶದ ವಿಶೇಷವೆಂದು ನಾವು ಭಾವಿಸುವುದುಂಟು. ಆದರೆ ದೂರದ ಬಾಲ್ಟಿಕ್ ಸಮುದ್ರದ ಲಿಥುವೇನಿಯಾದಲ್ಲಿಯೂ ಇದೇ ಪದ್ಧತಿ ಇತ್ತು. ಝಾಲ್ಟಿಸ್ ಎಂಬ ನಿರ್ವಿಷ ಹಾವನ್ನು ಅಲ್ಲಿಯ ರೈತರು ಮನೆಯ ಮೂಲೆಯಲ್ಲಿರಿಸಿ, ಹಾಲನ್ನಿಟ್ಟು, ಅದು ಮನೆಯ ಭಾಗ್ಯವೆಂದು ನಂಬಿದ್ದರು. ಅದನ್ನು ಕೊಂದರೆ ಮನೆಗೆ ಕೇಡೆಂಬ ಭಯವಿತ್ತು. 1387ರಲ್ಲಿ ದೊರೆ ಯೋಗೈಲನು ಆ ನಾಡನ್ನು ಕ್ರೈಸ್ತಮತಕ್ಕೆ ತಂದಾಗ, ಪವಿತ್ರಾಗ್ನಿಯನ್ನು ನಂದಿಸಿ, ದೇವರವನಗಳನ್ನು ಕಡಿಸಿ, ಹಾವುಗಳನ್ನು ಕೊಲ್ಲಿಸಿದನೆಂದು ಪೋಲೆಂಡಿನ ಚರಿತ್ರೆಕಾರ ದ್ಲುಗೋಶ್ ಬರೆದಿದ್ದಾನೆ. ಹಳೆಯ ಧರ್ಮವು ಮನುಷ್ಯರದು. ಅದಕ್ಕಾಗಿ ದಂಡ ತೆತ್ತುದು ಹಾವು.

ಇಟಲಿಯ ಕೊಕುಲ್ಲೋ ಎಂಬ ಬೆಟ್ಟದೂರಿನಲ್ಲಿ ಹೊಸ ಧರ್ಮವು ಹಳೆಯ ಹಾವಿನೊಡನೆ ಬೇರೊಂದು ಬಗೆಯ ಒಪ್ಪಂದವನ್ನು ಮಾಡಿಕೊಂಡಿತು. ಅಲ್ಲಿ ಸಂತ ಡೊಮೆನಿಕೋನ ಹಬ್ಬದಂದು ಅವನ ವಿಗ್ರಹದ ಮೇಲೆ ಜೀವಂತ ಹಾವುಗಳನ್ನು ಹೊದಿಸಿ ಮೆರವಣಿಗೆ ಮಾಡುತ್ತಾರೆ. ಹಿಂದೆ ಮೇ ತಿಂಗಳ ಮೊದಲ ಗುರುವಾರ ನಡೆಯುತ್ತಿದ್ದ ಈ ಹಬ್ಬವು 2012ರಿಂದ ಮೇ 1ರಂದು ನಡೆಯುತ್ತದೆ. ಊರಿನ ಹಾವುಗಾರರು ಚಳಿಗಾಲ ಮುಗಿಯುತ್ತಲೇ ನಿರ್ವಿಷ ಹಾವುಗಳನ್ನು ಹಿಡಿದು, ಕೆಲವು ವಾರ ಮನೆಯಲ್ಲಿ ಜತನಮಾಡಿ, ಹಬ್ಬ ಮುಗಿದ ಮೇಲೆ ಹಿಡಿದ ಸ್ಥಳಕ್ಕೇ ಬಿಟ್ಟುಬರುತ್ತಾರೆ. ಈಗೀಗ ಪ್ರಾಣಿಶಾಸ್ತ್ರಜ್ಞರೂ ಬಂದು ಆ ಹಾವುಗಳ ಅಳತೆ ತೆಗೆದು ಆರೋಗ್ಯವನ್ನು ಪರೀಕ್ಷಿಸುತ್ತಾರೆ. ಹಿಡಿದುದನ್ನು ಮರಳಿ ಬಿಡಬೇಕೆಂಬ ಈ ಒಂದು ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಅದು ಬೇಕಾಗುತ್ತದೆ.

ವಿಡಾದ ಹೆಬ್ಬಾವು

ಪಶ್ಚಿಮ ಆಫ್ರಿಕದ ಬೆನಿನ್ ದೇಶದ ಕಡಲ ಕರೆಯಲ್ಲಿ ವಿಡಾ ಎಂಬ ಪಟ್ಟಣವಿದೆ. ಗುಲಾಮರ ವ್ಯಾಪಾರದ ಕಾಲದಲ್ಲಿ ಕುಖ್ಯಾತವಾಗಿದ್ದ ಬಂದರದು. ಅಲ್ಲಿಯ ಜನರು ದಂಗ್ಬೆ ಎಂಬ ದೇವತೆಯ ರೂಪವೆಂದು ಒಂದು ಬಗೆಯ ಚಿಕ್ಕ ಹೆಬ್ಬಾವನ್ನು ಪೂಜಿಸುತ್ತಾರೆ. ಯುದ್ಧದಲ್ಲಿ ಸೋತು ಕಾಡು ಸೇರಿದ ಕ್‌ಪಾಸೆ ಎಂಬ ಅರಸನನ್ನು ಹೆಬ್ಬಾವುಗಳು ಕಾಪಾಡಿದುವೆಂಬುದು ಅಲ್ಲಿಯ ಐತಿಹ್ಯ. ಈ ಹಾವಿಗೆ ವಿಷವಿಲ್ಲ. ಸ್ವಭಾವ ಬಹಳ ಸಾಧು. ಭಯವಾದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುರುಳಿಯಾಗುತ್ತದೆ. ಇಲಿಗಳನ್ನು ತಿಂದು ಬದುಕುತ್ತದೆ. ವಿಡಾದ ಹಾವಿನ ಗುಡಿಯಲ್ಲಿ ಇವುಗಳನ್ನು ಇರಿಸಿರುತ್ತಾರೆ. ಆದರೆ ಕೂಡಿಹಾಕಿ ಅಲ್ಲ. ಅವು ಹೊರಗೆ ಹೋಗಿ ಬೇಟೆಯಾಡುತ್ತವೆ. ಯಾರ ಮನೆಗಾದರೂ ನುಗ್ಗಿದರೆ ಮನೆಯವರು ಅದನ್ನು ಅತಿಥಿಯಂತೆ ಕಂಡು, ಮೆಲ್ಲನೆ ಎತ್ತಿ ಗುಡಿಗೆ ಮುಟ್ಟಿಸುತ್ತಾರೆ. ಗುಡಿಯ ಎದುರಿಗೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಕ್ಯಾಥೊಲಿಕ್ ದೇವಾಲಯವಿದೆ. ಎರಡೂ ಗುಡಿಗಳು ಒಂದಕ್ಕೊಂದು ಮುಖಮಾಡಿ ನಿಂತಿವೆ.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಆ ತೀರದಲ್ಲಿದ್ದ ವಿಲೆಮ್ ಬೋಸ್ಮನ್ ಎಂಬ ಡಚ್ ವರ್ತಕನು ಎರಡು ಪ್ರಸಂಗಗಳನ್ನು ಬರೆದಿದ್ದಾನೆ. ಹೊಸದಾಗಿ ಬಂದಿಳಿದ ಆಂಗ್ಲ ವರ್ತಕರು ತಮ್ಮ ಬಿಡಾರದಲ್ಲಿ ಕಂಡ ಹಾವೊಂದನ್ನು ಕೊಂದು ಹೊರಗೆಸೆದುದಕ್ಕಾಗಿ ಊರಿನವರು ರೊಚ್ಚಿಗೆದ್ದು ಅವರನ್ನು ಕೊಂದರು. ಮತ್ತೊಮ್ಮೆ ಹಂದಿಯೊಂದು ಹಾವನ್ನು ತಿಂದುದಕ್ಕಾಗಿ ಸೀಮೆಯ ಹಂದಿಗಳನ್ನೆಲ್ಲ ಕೊಲ್ಲಬೇಕೆಂಬ ಆಜ್ಞೆಯಾಯಿತು. ಹಾವಿನ ಮೇಲಿನ ಭಕ್ತಿಯು ಮನುಷ್ಯನ ಮೇಲೆಯೂ ಹಂದಿಯ ಮೇಲೆಯೂ ಕರುಣೆಯನ್ನು ಕಲಿಸಲಿಲ್ಲವೆಂಬುದನ್ನು ಇಲ್ಲಿ ಮರೆಮಾಚುವಂತಿಲ್ಲ. ಅದೇ ಬಂದರಿನಿಂದ ಸರಪಳಿ ತೊಟ್ಟ ಮಾನವರು ಹಡಗೇರುತ್ತಿದ್ದ ಕಾಲವದು.

1727ರಲ್ಲಿ ನೆರೆಯ ದಹೋಮಿ ರಾಜ್ಯದ ಸೈನ್ಯವು ವಿಡಾವನ್ನು ಗೆದ್ದಿತು. ಗೆದ್ದ ಸೈನಿಕರಿಗೆ ಮನೆಮನೆಗಳಲ್ಲಿ ದೇವರಹಾವುಗಳು ಸಿಕ್ಕಿದವು. ಅವರು ಆ ಹಾವುಗಳನ್ನು ನಡುವಿನಲ್ಲಿ ಹಿಡಿದೆತ್ತಿ, ನೀವು ದೇವರಾದರೆ ಮಾತನಾಡಿ ನಿಮ್ಮನ್ನು ಉಳಿಸಿಕೊಳ್ಳಿರೆಂದು ಹಂಗಿಸಿ, ಅವು ಮಾತನಾಡದಿರಲು ಕಡಿದು ಸುಟ್ಟು ತಿಂದರೆಂದು ಆ ಸಮಯದಲ್ಲಿ ಅಲ್ಲಿಗೆ ಬಂದ ಸ್ನೆಲ್‌ಗ್ರೇವ್ ಎಂಬ ಆಂಗ್ಲ ನಾವಿಕನು ವರ್ಣಿಸಿದ್ದಾನೆ. ಕೆಲವು ಕಾಲದ ಮೇಲೆ ಅದೇ ದಹೋಮಿಯ ಅರಸರು ಈ ಪೂಜೆ ಮುಂದುವರಿಯಲು ಎಡೆಮಾಡಿಕೊಟ್ಟರು. ಪೂಜಿಸಿದವರೂ ಕೊಂದವರೂ ಹಾವಿನಿಂದ ಅದು ಮಾಡಲಾರದ ಕಾರ್ಯವನ್ನೇ ನಿರೀಕ್ಷಿಸಿದರು. ಒಬ್ಬರು ಅದು ತಮ್ಮನ್ನು ಕಾಯಲೆಂದರು. ಇನ್ನೊಬ್ಬರು ಅದು ತನ್ನನ್ನು ತಾನೇ ಕಾಯಲೆಂದರು. ಹಾವು ಹಾವಾಗಿಯೇ ಇತ್ತು.

ಇದೇ ಹಾವಿನ ಇಂದಿನ ಸ್ಥಿತಿಯನ್ನು ಕೇಳಿದರೆ ಮನಸ್ಸು ಭಾರವಾಗುತ್ತದೆ. ಸಾಧುಸ್ವಭಾವವೂ ಚಿಕ್ಕ ಗಾತ್ರವೂ ಅದಕ್ಕೆ ಶತ್ರುಗಳಾದವು. ಅಮೆರಿಕ ಯೂರೋಪುಗಳಲ್ಲಿ ಮನೆಯೊಳಗೆ ಹಾವು ಸಾಕುವವರಿಗೆ ಅದು ಅತ್ಯಂತ ಮೆಚ್ಚಿನ ಜಾತಿಯಾಯಿತು. ಟೋಗೋ, ಘಾನಾ, ಬೆನಿನ್ ದೇಶಗಳಿಂದ ಇದುವರೆಗೆ ಲಕ್ಷಗಟ್ಟಲೆ ಹಾವುಗಳು ವಿದೇಶಗಳಿಗೆ ಹೋಗಿವೆ. ಗರ್ಭಿಣಿ ಹಾವುಗಳನ್ನು ಬಿಲದಿಂದ ಅಗೆದು ತೆಗೆದು, ಮೊಟ್ಟೆಯಿಡಿಸಿ, ಮರಿಗಳನ್ನು ರಫ್ತು ಮಾಡುವುದು ಅಲ್ಲಿ ಒಂದು ಉದ್ಯೋಗವಾಗಿದೆ. ಕೊಂಡವರು ವಿಚಿತ್ರ ಬಣ್ಣಗಳಿಗಾಗಿ ತಳಿಯೆಬ್ಬಿಸುತ್ತಾರೆ. ಜೇಡದ ಹೆಸರಿನ ಒಂದು ತಳಿಯಂತೂ ನರದೋಷದಿಂದ ತಲೆ ಸ್ಥಿರವಾಗಿ ನಿಲ್ಲದೆ ತೂಗುತ್ತಿರುತ್ತದೆ. ಆದರೂ ಚೆಂದದ ಮೈಗಾಗಿ ಅದನ್ನು ಬೆಳೆಸಿದವರುಂಟು. ವಿಡಾದಲ್ಲಿ ಅತಿಥಿಯೆನಿಸಿಕೊಂಡ ಹಾವೇ ಕಡಲಾಚೆ ಬೆಲೆಚೀಟಿ ಹಚ್ಚಿದ ಸರಕಾಗಿದೆ.

ಪಾದ್ರಿಯ ಆಮೆ

ಪಾಶ್ಚಾತ್ಯರು ಸರೀಸೃಪವನ್ನು ಆಟದ ವಸ್ತುವಾಗಿ ಮಾತ್ರ ಕಂಡರೆಂದರೆ ಅನ್ಯಾಯವಾದೀತು. ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯಿದ್ದನು. ಅವನ ಸೋದರತ್ತೆಯ ತೋಟದಲ್ಲಿ ತಿಮೋತಿ ಎಂಬ ಆಮೆಯಿತ್ತು. 1780ರಲ್ಲಿ ಅವಳು ತೀರಿಕೊಂಡಾಗ ವೈಟನು ಆ ಆಮೆಯನ್ನು ಮಣ್ಣಿನಿಂದ ಎಬ್ಬಿಸಿ, ಪೆಟ್ಟಿಗೆಯಲ್ಲಿಟ್ಟು ತನ್ನ ಮನೆಗೆ ತಂದನು. ಅದು ಎಂದು ನೆಲದೊಳಗೆ ಹೋಗುತ್ತದೆ, ಎಂದು ಏಳುತ್ತದೆ, ಮಳೆಗೆ ಎಷ್ಟು ಹೆದರುತ್ತದೆ, ತೂಕವೆಷ್ಟು ಎಂಬುದನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟನು. ಕಿವಿ ಕೇಳಿಸುವುದೋ ಎಂದು ಕಹಳೆಯಲ್ಲಿ ಕೂಗಿ ನೋಡಿದನು, ಆಮೆ ಅಲುಗಲಿಲ್ಲ. ಅನ್ನವಿಕ್ಕುವ ಮುದುಕಿಯನ್ನು ಮಾತ್ರ ಅದು ಗುರುತಿಸುತ್ತಿತ್ತೆಂದು ಅವನು ಸಂತೋಷದಿಂದ ಹೇಳುತ್ತಾನೆ. 1789ರಲ್ಲಿ ಪ್ರಕಟವಾದ ಅವನ ಗ್ರಂಥವು ಪ್ರಕೃತಿಶಾಸ್ತ್ರದ ಸಾಹಿತ್ಯದಲ್ಲಿ ಚಿರಸ್ಥಾಯಿಯಾಯಿತು. ವೈಟನು 1793ರಲ್ಲಿ ತೀರಿಕೊಂಡನು. ಆಮೆ ಮರುವರ್ಷ ಸತ್ತಿತು. ಅದರ ಚಿಪ್ಪನ್ನು ಮುಂದೆ ಪರೀಕ್ಷಿಸಿದಾಗ ತಿಮೋತಿ ಹೆಣ್ಣೆಂದು ತಿಳಿಯಿತು! ಇಷ್ಟು ವರ್ಷ ನೋಡಿದವನಿಗೂ ಅದರ ಗುಟ್ಟೊಂದು ಉಳಿದೇ ಇತ್ತು. ಆದರೂ ಅವನು ಆಮೆಯಿಂದ ಬಯಸಿದುದು ವರವನ್ನಲ್ಲ, ಲಾಭವನ್ನಲ್ಲ. ಅದು ಹೇಗೆ ಬದುಕುತ್ತದೆಂಬ ತಿಳಿವನ್ನು ಮಾತ್ರ. ಸಾಕಣೆಯ ಚರಿತ್ರೆಯಲ್ಲಿ ಇದೊಂದು ಹೊಸ ದೃಷ್ಟಿ.

ಇಪ್ಪತ್ತನೆಯ ಶತಮಾನದಲ್ಲಿ ಈ ದೃಷ್ಟಿಯನ್ನು ಅಂಗಡಿಯು ನುಂಗಿತು. ಅಮೆರಿಕದಲ್ಲಿ ಕೆಂಪುಕಿವಿಯ ಪುಟ್ಟ ಆಮೆಮರಿಗಳನ್ನು ಮಕ್ಕಳ ಆಟಿಕೆಯಂತೆ ಮಾರಿದರು. ಅವುಗಳಿಂದ ಸಾಲ್ಮೊನೆಲ್ಲಾ ರೋಗಾಣು ಹರಡಿ ಮಕ್ಕಳು ಕಾಯಿಲೆ ಬಿದ್ದುದರಿಂದ, 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ಅಲ್ಲಿಯ ಸರಕಾರವು ನಿಷೇಧಿಸಿತು. ಮರಿಗಳು ಇತರ ದೇಶಗಳಿಗೆ ಹರಿದವು. ಬೆಳೆದು ದೊಡ್ಡದಾದ ಆಮೆಯನ್ನು ಬೇಸತ್ತವರು ಕೆರೆಗೆ ಬಿಟ್ಟರು. ಅಲ್ಲಿ ಅವು ಸ್ಥಳೀಯ ಆಮೆಗಳ ಆಹಾರಕ್ಕೂ ಬಿಸಿಲುಕಾಯುವ ತಾಣಕ್ಕೂ ಪೈಪೋಟಿಯಾದವು. ಫ್ಲಾರಿಡಾದಲ್ಲಿ ಹೀಗೆಯೇ ಹೊರಬಿದ್ದ ಬರ್ಮಾದ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಎಂಬ ಜೌಗುಪ್ರದೇಶದಲ್ಲಿ ಬೆಳೆದು, ಅಲ್ಲಿಯ ಸಣ್ಣಪುಟ್ಟ ಪ್ರಾಣಿಗಳನ್ನು ಬರಿದುಮಾಡಿದವು. 2012ರಲ್ಲಿ ಅವುಗಳ ಆಮದನ್ನು ನಿಷೇಧಿಸುವ ಹೊತ್ತಿಗೆ ಕೈಮೀರಿತ್ತು. ಇಲ್ಲಿಯೂ ದೋಷವು ಹಾವಿನದಲ್ಲ. ಮೋಹದಿಂದ ತಂದು ಬೇಸರದಿಂದ ಬಿಟ್ಟವರದು.

ನಮ್ಮ ನಾಡಿನಲ್ಲಿ

ಇನ್ನು ನಮ್ಮ ಕಡೆಗೆ ತಿರುಗೋಣ. ನಮ್ಮಲ್ಲಿ ಸರೀಸೃಪವನ್ನು ಮನೆಯಲ್ಲಿ ಸಾಕಿದವರಿಗಿಂತ ದೈವಸನ್ನಿಧಿಯಲ್ಲಿ ಇರಗೊಟ್ಟವರೇ ಹೆಚ್ಚು. ಕಾಸರಗೋಡು ಸೀಮೆಯ ಕುಂಬಳೆಯ ಸಮೀಪದ ಅನಂತಪುರದ ಕೆರೆದೇವಾಲಯದಲ್ಲಿ ಬಬಿಯಾ ಎಂಬ ಮೊಸಳೆಯಿದ್ದಿತು. ದೇವರ ನೈವೇದ್ಯದ ಅನ್ನವನ್ನು ಅರ್ಚಕರು ಅದಕ್ಕೆ ಇಡುತ್ತಿದ್ದರು. ಯಾರಿಗೂ ಅಪಾಯಮಾಡದೆ ದಶಕಗಟ್ಟಲೆ ಬಾಳಿದ ಆ ಪ್ರಾಣಿಯು 2022ರ ಅಕ್ಟೋಬರ್ 9ರಂದು ಸತ್ತಾಗ ಜನರು ಕಣ್ಣೀರಿಟ್ಟು ಅಂತ್ಯದರ್ಶನ ಪಡೆದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು. ಅರ್ಸಿನೋದ ಮೊಸಳೆಗೂ ಅನಂತಪುರದ ಮೊಸಳೆಗೂ ಒಂದು ಅಂತರವಿದೆ: ಇಲ್ಲಿ ಯಾರೂ ಅದರ ಬಾಯನ್ನು ಬಲವಂತವಾಗಿ ಅಗಲಿಸಲಿಲ್ಲ, ಅದರ ಕಿವಿಗೆ ಓಲೆ ತೊಡಿಸಲಿಲ್ಲ.

ಸನ್ನಿಧಿಯ ಆಶ್ರಯವು ಒಂದು ಜಾತಿಯನ್ನೇ ಉಳಿಸಿದ ನಿದರ್ಶನವೂ ಉಂಟು. ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ಬಾಯಜಿದ್ ಬೊಸ್ತಾಮಿ ಎಂಬ ಸೂಫಿ ಸಂತನ ಹೆಸರಿನ ದರ್ಗಾದ ಕೆರೆಯಲ್ಲಿ ಕರಿಯ ಮೆದುಚಿಪ್ಪಿನ ಆಮೆಗಳನ್ನು ಭಕ್ತರು ಕಾಪಾಡಿಕೊಂಡು ಬಂದಿದ್ದಾರೆ. ಈ ಜಾತಿಯು ಪ್ರಕೃತಿಯಲ್ಲಿ ಅಳಿದುಹೋಗಿದೆಯೆಂದು 2002ರಲ್ಲಿ ಅಂತರರಾಷ್ಟ್ರೀಯ ತಜ್ಞರು ಘೋಷಿಸಿದ್ದರು. ಅಸ್ಸಾಮಿನ ಹಾಜೋದ ಹಯಗ್ರೀವ ಮಾಧವ ದೇವಾಲಯದ ಕೊಳದಲ್ಲಿಯೂ ಅವು ಉಳಿದಿದ್ದವು. ಅಲ್ಲಿಯ ಮೊಟ್ಟೆಗಳಿಂದ ಮರಿಮಾಡಿಸಿ ನದಿಕೆರೆಗಳಿಗೆ ಬಿಡುವ ಕಾರ್ಯವು ಈಗ ನಡೆದಿದೆ. ಮಸೀದಿ ಮಂದಿರಗಳ ಭೇದವನ್ನು ಅರಿಯದ ಆ ಬಡ ಜೀವಿಯು ಎರಡೂ ಕಡೆ ಆಶ್ರಯ ಪಡೆಯಿತು.

ಆದರೆ ನಾಗರಹಾವಿನ ವಿಷಯದಲ್ಲಿ ನಮ್ಮ ನಡೆ ಇಷ್ಟು ನಿರ್ಮಲವಾಗಿಲ್ಲ. ಈ ಲೇಖಕನು ಮಠದ ಪ್ರಸಾದನಿಲಯದ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, ಪಂಚಮಿಯ ಹಿಂದಿನ ದಿನ ಹಾವಾಡಿಗನು ಬುಟ್ಟಿ ಹೊತ್ತು ಬರುತ್ತಿದ್ದನು. ನಾವು ಹುಡುಗರು ಕಾಸು ಕೂಡಿಸಿ ಹಾಲು ತಂದು ಬಟ್ಟಲಲ್ಲಿ ಇಟ್ಟಾಗ ಹಾವು ಮೂತಿಯಿಟ್ಟು ಕುಡಿಯುತ್ತಿತ್ತು. ದೇವರು ನಮ್ಮ ಸೇವೆಯನ್ನು ಸ್ವೀಕರಿಸಿದನೆಂದು ನಾವು ಹಿಗ್ಗುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ ಪ್ರಾಣಿಶಾಸ್ತ್ರವನ್ನು ಓದಿ ನಿಜವನ್ನು ತಿಳಿದೆನು. ಹಾಲು ಹಾವಿನ ಆಹಾರವಲ್ಲ. ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಬ್ಬಕ್ಕೆ ಮುಂಚೆ ವಾರಗಟ್ಟಲೆ ನೀರು ಕೊಡದೆ ಬಳಲಿಸಿದ ಹಾವು ಬಾಯಾರಿಕೆಯನ್ನು ತಾಳಲಾರದೆ ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿಯುತ್ತದೆ. ವಿಷದ ಹಲ್ಲನ್ನು ಕಿತ್ತ, ಕೆಲವೊಮ್ಮೆ ಬಾಯನ್ನೇ ಹೊಲಿದ ಅಂತಹ ಹಾವುಗಳು ಹಬ್ಬ ಕಳೆದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ನಾವು ಕೊಟ್ಟ ಬಟ್ಟಲು ಹಾಲು ಪುಣ್ಯವಾಗಿರಲಿಲ್ಲ. ಹಾವಾಡಿಗನನ್ನು ದೂರಿ ನಾವು ಪಾರಾಗುವಂತೆಯೂ ಇಲ್ಲ. ಅವನು ಹೊಟ್ಟೆಪಾಡಿಗೆ ಮಾಡಿದನು, ಬೇಡಿಕೆಯು ನಮ್ಮದಾಗಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾವುಗಳಿಗೆ ರಕ್ಷಣೆಯಿತ್ತುದರಿಂದ ಹಾವಾಡಿಗರ ವೃತ್ತಿ ಕ್ರಮೇಣ ಕುಂದಿತು. ನಮ್ಮ ಗಡಿಗೆ ದೂರವಲ್ಲದ ಸಾಂಗ್ಲಿ ಜಿಲ್ಲೆಯ ಬತ್ತೀಸ ಶಿರಾಳದಲ್ಲಿ ಪಂಚಮಿಯಂದು ಜೀವಂತ ನಾಗರಗಳನ್ನು ಹಿಡಿದು ಮೆರೆಸುವ ರೂಢಿಯನ್ನು 2014ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ತಡೆಯಿತು. ಹಾವು ಬಲ್ಲವರ ವಿದ್ಯೆ ವ್ಯರ್ಥವಾಗಬೇಕಿಲ್ಲವೆಂಬುದಕ್ಕೆ ತಮಿಳುನಾಡಿನ ಇರುಳರು ಸಾಕ್ಷಿ. 1978ರಲ್ಲಿ ಸ್ಥಾಪಿತವಾದ ಅವರ ಸಹಕಾರ ಸಂಘವು ಹಾವುಗಳನ್ನು ಹಿಡಿದು, ಕೆಲವು ವಾರ ಮಡಕೆಗಳಲ್ಲಿರಿಸಿ, ವಿಷವನ್ನು ತೆಗೆದು, ಮರಳಿ ಕಾಡಿಗೆ ಬಿಡುತ್ತದೆ. ಆ ವಿಷದಿಂದಲೇ ಹಾವುಕಡಿತಕ್ಕೆ ಮದ್ದು ತಯಾರಾಗುತ್ತದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವುಕಡಿತದಿಂದ ಸುಮಾರು 12 ಲಕ್ಷ ಜನರು ಸತ್ತರೆಂಬ ಅಂದಾಜಿದೆ. ಕರ್ನಾಟಕ ಸರಕಾರವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹೊಲದಲ್ಲಿ ದುಡಿಯುವ ಬಡವನ ಪ್ರಾಣವನ್ನು ಉಳಿಸುವ ಇರುಳನ ಮಡಕೆಯು ಹಾವಾಡಿಗನ ಬುಟ್ಟಿಗಿಂತ ಹೆಚ್ಚು ಪೂಜ್ಯವಲ್ಲವೇ?

ಈ ನಡುವೆ ಹೊಸ ಮೌಢ್ಯಗಳೂ ತಲೆಯೆತ್ತಿವೆ. ಮಣ್ಣುಮುಕ್ಕ ಹಾವಿನ ಬಾಲವು ಮೊಂಡಾಗಿ ತಲೆಯಂತೆ ಕಾಣುವುದರಿಂದ ಅದನ್ನು ಎರಡು ತಲೆಯ ಹಾವೆಂದು ಕರೆದು, ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂದು ನಂಬಿಸಿ, ಲಕ್ಷಗಟ್ಟಲೆ ರೂಪಾಯಿಗೆ ಮಾರುವ ವಂಚಕರು ನಮ್ಮ ಜಿಲ್ಲೆಗಳಲ್ಲಿಯೇ ಸಿಕ್ಕಿಬಿದ್ದಿದ್ದಾರೆ. ನಕ್ಷತ್ರದ ಆಮೆಯೂ ಇದೇ ಭಾಗ್ಯದ ಆಸೆಗೆ ಬಲಿಯಾಗಿ, ಚೀಲಗಳಲ್ಲಿ ತುಂಬಿಕೊಂಡು ಕಡಲಾಚೆ ಹೋಗುತ್ತದೆ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ಣವಾಗಿ ನಿಷೇಧಿಸಲಾಯಿತು. ಗ್ಲೈಕಾನನಿಗೆ ಬಟ್ಟೆಯ ತಲೆ ಹೊಲಿದವನಿಗೂ, ಮಣ್ಣುಮುಕ್ಕನಿಗೆ ಎರಡನೆಯ ತಲೆ ಕಲ್ಪಿಸಿದವನಿಗೂ ಹದಿನೆಂಟು ಶತಮಾನಗಳ ಅಂತರವಿದ್ದರೂ ಕಸುಬು ಒಂದೇ. ಇತ್ತ ನಗರಗಳಲ್ಲಿ ವಿದ್ಯಾವಂತ ತರುಣರು ವಿದೇಶದ ಓತಿ, ಹೆಬ್ಬಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕತೊಡಗಿದ್ದಾರೆ. ಅಂತಹ ಪ್ರಾಣಿಗಳನ್ನು ಸರಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮವು 2024ರಲ್ಲಿ ಬಂದಿದೆ. ಅವರಲ್ಲಿ ಗಿಲ್ಬರ್ಟ್ ವೈಟನಂತಹ ಜಿಜ್ಞಾಸುಗಳೂ ಇರಬಹುದು. ಆದರೆ ನೋಂದಣಿಯ ಪತ್ರವು ಕಾನೂನಿಗೆ ಉತ್ತರವಾದೀತು. ತನ್ನ ಕಾಡನ್ನು ಕಾಣದೆ ಗಾಜಿಗೆ ಮೂತಿಯುಜ್ಜುವ ಜೀವಿಗೆ ಉತ್ತರವಾಗದು.

ಶರಣರ ಒರೆಗಲ್ಲು

ಇಷ್ಟು ದೇಶಗಳನ್ನು ಸುತ್ತಿಬಂದ ಮೇಲೆ ಕಾಣುವುದೇನು? ಹಾವನ್ನು ಪೂಜಿಸಿದುದು ಹೆಚ್ಚೋ ಕೊಂದುದು ಹೆಚ್ಚೋ ಎಂಬುದು ಮುಖ್ಯ ಪ್ರಶ್ನೆಯಲ್ಲ. ಪೂಜೆಯಲ್ಲಿಯೂ ಕ್ರೌರ್ಯವಿದೆ, ಸಾಕಣೆಯಲ್ಲಿಯೂ ಕ್ರೌರ್ಯವಿದೆ. ಆ ಜೀವಿಯನ್ನು ಅದರ ಬಾಳಿಗಾಗಿ ಕಂಡೆವೋ, ನಮ್ಮ ಬಯಕೆಗಾಗಿ ಕಂಡೆವೋ ಎಂಬುದೇ ಒರೆಗಲ್ಲು. ಕೊಕುಲ್ಲೋದ ಹಾವುಗಾರನೂ ವಿಡಾದ ಗೃಹಸ್ಥನೂ ಇರುಳರ ಸಂಘವೂ ಹಾಜೋದ ಕೊಳವೂ ಈ ಒರೆಗೆ ನಿಲ್ಲುತ್ತವೆ; ಏಕೆಂದರೆ ಅವರು ಹಿಡಿದುದನ್ನು ಬಿಡಬಲ್ಲರು.

ಎಂಟು ಶತಮಾನಗಳ ಹಿಂದೆಯೇ ಬಸವಣ್ಣನವರು ನಾಗರಕಲ್ಲಿನ ಮುಂದೆ ಒಂದು ಬಗೆಯಾಗಿಯೂ ಜೀವಂತ ಸರ್ಪದ ಮುಂದೆ ಇನ್ನೊಂದು ಬಗೆಯಾಗಿಯೂ ವರ್ತಿಸುವ ನಮ್ಮ ಇಬ್ಬಗೆಯನ್ನು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಹಿಡಿದು ತೋರಿಸಿದರು. ಉಣ್ಣಲಾರದ ಪ್ರತೀಕಕ್ಕೆ ಉಣಿಸಿ, ಹಸಿದು ಬಂದ ಜೀವವನ್ನು ಅಟ್ಟುವ ಭಕ್ತಿಯನ್ನು ಅದೇ ಉಸಿರಿನಲ್ಲಿ ಪ್ರಶ್ನಿಸಿದರು. ಆ ವಚನವನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅದರ ಅರ್ಥವು ಹಾವಿಗೂ ಅನ್ವಯಿಸುತ್ತದೆಂಬುದನ್ನು ಮಾತ್ರ ಮರೆತಿದ್ದೇವೆ. ಜೀವಂತ ಹಾವಿಗೆ ಸಲ್ಲಬೇಕಾದುದು ಹಾಲೂ ಅಲ್ಲ, ಕೋಲೂ ಅಲ್ಲ; ಅದರ ಹುತ್ತ, ಅದರ ಬೇಲಿ, ಅದರ ದಾರಿ.

ಶ್ರಾವಣ ಶುದ್ಧ ಪಂಚಮಿಯನ್ನು ಬಸವಣ್ಣನವರು ಲಿಂಗೈಕ್ಯರಾದ ದಿನವೆಂದು ನಮ್ಮ ಪರಂಪರೆಯು ಸ್ಮರಿಸುತ್ತದೆ. ಈಚಿನ ವರ್ಷಗಳಲ್ಲಿ ನಾಡಿನ ಅನೇಕ ಕಡೆ ಅಂದು ಕಲ್ಲಿಗೆ ಎರೆಯುವ ಹಾಲನ್ನು ಬಡಮಕ್ಕಳಿಗೂ ರೋಗಿಗಳಿಗೂ ಕುಡಿಸಿ, ಬಸವ ಪಂಚಮಿಯೆಂದು ಆಚರಿಸುವ ಪದ್ಧತಿ ಬೆಳೆದಿದೆ. ಪ್ರಸಾದನಿಲಯದಲ್ಲಿ ಉಂಡು ಬೆಳೆದ ನಮ್ಮಂತಹವರಿಗೆ ಇದಕ್ಕಿಂತ ಒಪ್ಪುವ ಆಚರಣೆಯು ಬೇರೊಂದಿಲ್ಲ. ಬರುವ ಪಂಚಮಿಯಂದು ಹಾಲು ಮಕ್ಕಳ ಬಟ್ಟಲಿಗೆ ಸೇರಲಿ. ಮನೆಯ ಹಿತ್ತಿಲಿನಲ್ಲಿ ಹಾವು ಕಂಡರೆ ಬಲ್ಲವರನ್ನು ಕರೆಸಿ ಅದನ್ನು ಕಾಡಿಗೆ ಮುಟ್ಟಿಸುವಂತಾಗಲಿ. ಆ ದಿನ ಹಾವಿಗೂ ಹಬ್ಬ, ಮಗುವಿಗೂ ಹಬ್ಬ.